ದೇವರ ಹೆಸರಿಲ್ಲದ ಲಗ್ನಪತ್ರಿಕೆ: ಗಾಂಧಿ ಬಜಾರಿನ ಒಂದು ಮುದ್ರಣದಂಗಡಿಯ ಕುರಿತು

ಶಿವಮೊಗ್ಗದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ಅಂಗಡಿಗಳಿಗೆ ಕೊರತೆಯಿಲ್ಲ. ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿರುವ ಈ ಅಂಗಡಿಯೂ ಕಾಗದ, ಬಣ್ಣ, ಬೆಲೆಗಳ ಮಟ್ಟಿಗೆ ಉಳಿದವುಗಳಂತೆಯೇ ಇದೆ. ಇದರ ಬಗ್ಗೆ ಪ್ರತ್ಯೇಕವಾಗಿ ಬರೆಯಲು ಕಾರಣ, ಸಂಜೆ ಹೊತ್ತು ಅಲ್ಲಿ ಕುಳಿತು ಕರಡು ತಿದ್ದುವ ನಿವೃತ್ತ ಕನ್ನಡ ಮೇಷ್ಟ್ರು. ಪತ್ರಿಕೆಯ ಒಕ್ಕಣೆಯಲ್ಲಿ ಯಾವ ಪದ ಎಲ್ಲಿಂದ ಬಂದಿದೆ, ಅದನ್ನು ಹಾಕಿದರೆ ಏನು ಹೇಳಿದಂತಾಗುತ್ತದೆ, ತೆಗೆದರೆ ಆ ಜಾಗಕ್ಕೆ ಏನು ಬರಬಹುದು ಎಂಬುದನ್ನು ಗಿರಾಕಿಗೆ ತಿಳಿಸಿದ ಮೇಲೆಯೇ ಅವರು ಅಚ್ಚಿಗೆ ಬಿಡುತ್ತಾರೆ. ಇದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ತಮ್ಮ ಹೆಸರಾಗಲಿ ಅಂಗಡಿಯ ಹೆಸರಾಗಲಿ ಬರೆಯಬಾರದೆಂದು ಅವರು ಕೇಳಿಕೊಂಡಿದ್ದಾರೆ. ಬಜಾರಿನಲ್ಲಿ ‘ಮೇಷ್ಟ್ರು ಕೂರುವ ಪ್ರೆಸ್ಸು’ ಎಂದು ವಿಚಾರಿಸಿದರೆ ಯಾರಾದರೂ ತೋರಿಸುತ್ತಾರೆ.

ನಮ್ಮ ಮನೆಯಲ್ಲಿ ಜಾತಕ, ಹೋಮ, ಹರಕೆಗಳನ್ನು ಬಿಟ್ಟು ಎರಡು ತಲೆಮಾರಾಯಿತು. ತೀರ್ಥಹಳ್ಳಿ ಸೀಮೆಯ ಹಲವು ಮನೆಗಳಂತೆ ನಾವೂ ಕುವೆಂಪು ಅವರ ಮಂತ್ರಮಾಂಗಲ್ಯದ ಪದ್ಧತಿಯಲ್ಲಿ ಮದುವೆ ಮಾಡುತ್ತ ಬಂದವರು. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಅವರು ನಡೆಸಿಕೊಟ್ಟ ಮೇಲೆ ಆ ಪದ್ಧತಿ ಮಲೆನಾಡಿನಲ್ಲಿ ಬೇರು ಬಿಟ್ಟಿತು. ಈಗಲೂ ಕುಪ್ಪಳಿಯ ಹೇಮಾಂಗಣದಲ್ಲಿ ಅಂಥ ಮದುವೆಗಳು ನಡೆಯುತ್ತವೆ. ನನ್ನ ಮಗಳ ಮದುವೆಯೂ ಅಲ್ಲಿಯೇ ಎಂದು ನಿಶ್ಚಯವಾದಾಗ, ಕರೆಯುವ ಕಾಗದದಲ್ಲಿ ತಾನು ನಂಬದ ಮಾತು ಒಂದೂ ಇರಬಾರದೆಂದು ಅವಳು ಹಟ ಹಿಡಿದಳು. ಒಕ್ಕಣೆಯನ್ನು ಅವಳೇ ಬರೆದಳು. ಅದರಲ್ಲಿ ಗಣಪತಿ ಇರಲಿಲ್ಲ, ಕುಲದೇವರ ‘ಪ್ರಸನ್ನ’ ಇರಲಿಲ್ಲ, ಸಂವತ್ಸರ, ತಿಥಿ, ನಕ್ಷತ್ರ, ನವಾಂಶಗಳ ಆ ಉದ್ದನೆಯ ಸಾಲೂ ಇರಲಿಲ್ಲ. ಅದನ್ನು ಹಿಡಿದುಕೊಂಡು ನಾನು ಮತ್ತು ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಅಂಗಡಿಗೆ ಹೋದೆವು.

ಗಲ್ಲಾದಲ್ಲಿರುವ ಯಜಮಾನರು ಮೊದಲು ಆಲ್ಬಂ ತೆರೆದಿಡುತ್ತಾರೆ. ಖಾಲಿ ಕಾರ್ಡುಗಳೆಲ್ಲ ಶಿವಕಾಶಿಯಿಂದ ಬರುವಂಥವು. ಲಕೋಟೆಯ ಮುಚ್ಚಳದ ಮೇಲೆ ಗಣಪತಿಯ ಚಿನ್ನದ ಬಣ್ಣದ ಉಬ್ಬಚ್ಚು ಮೊದಲೇ ಇರುತ್ತದೆ. 786 ಎಂದು ಅಚ್ಚಾದವು, ಶಿಲುಬೆಯಿರುವವು ಬೇರೆ ಕಪಾಟಿನಲ್ಲಿವೆ. ಯಾವ ಚಿಹ್ನೆಯೂ ಇಲ್ಲದ ಲಕೋಟೆ ಬೇಕೆಂದರೆ ಗೋದಾಮಿನಿಂದ ತರಿಸಬೇಕು, ಅದಕ್ಕೆ ಒಂದಕ್ಕೆ ಮೂರು ರೂಪಾಯಿ ಹೆಚ್ಚು. ಯಜಮಾನರು ಇದನ್ನು ಮುಖ ಸಿಂಡರಿಸದೆ, ಏಕೆ ಎಂದೂ ಕೇಳದೆ ಬರೆದುಕೊಂಡರು. ಧರ್ಮದ ವಿಷಯದಲ್ಲಿ ಗಿರಾಕಿಗೆ ಉಪದೇಶ ಮಾಡದಿರುವುದು ಅಂಗಡಿಯವರಲ್ಲಿ ಈಗ ಅಪರೂಪವಾಗುತ್ತಿರುವ ಸೌಜನ್ಯ. ಅದನ್ನು ಇಲ್ಲಿ ಹೇಳಲೇಬೇಕು.

ಮಗಳ ಕರಡು ಮೇಷ್ಟ್ರ ಮೇಜಿಗೆ ಹೋದ ಮೇಲೆ ನಿಜವಾದ ಕೆಲಸ ಶುರುವಾಯಿತು. ಅವರು ಕೆಂಪು ಪೆನ್ಸಿಲಿನಿಂದ ಪದಗಳನ್ನು ಹೊಡೆದುಹಾಕಲಿಲ್ಲ. ಒಂದೊಂದರ ಕೆಳಗೂ ತೆಳುವಾಗಿ ಗೆರೆ ಎಳೆಯುತ್ತ ಹೋದರು. ತಲೆಬರಹದ ‘ಲಗ್ನಪತ್ರಿಕೆ’ಗೆ ಮೊದಲ ಗೆರೆ. ಪೂರ್ವದ ದಿಗಂತದಲ್ಲಿ ಆ ಗಳಿಗೆಗೆ ಉದಯಿಸುತ್ತಿರುವ ರಾಶಿಗೆ ಜ್ಯೋತಿಷ್ಯದಲ್ಲಿ ಲಗ್ನ ಎನ್ನುತ್ತಾರೆ. ಮದುವೆಯನ್ನು ಇಂಥ ಲಗ್ನದಲ್ಲಿ ಎಂದು ಗೊತ್ತುಪಡಿಸುತ್ತಿದ್ದುದರಿಂದ ಆ ಪದ ಮದುವೆಗೇ ಅಂಟಿಕೊಂಡಿತು. ‘ಮುಹೂರ್ತ’ಕ್ಕೆ ಎರಡನೆಯ ಗೆರೆ. ಹಗಲು ರಾತ್ರಿ ಸೇರಿದ ಒಂದು ದಿನವನ್ನು ಮೂವತ್ತು ಪಾಲು ಮಾಡಿದರೆ ಒಂದು ಪಾಲು ಮುಹೂರ್ತ, ಅಂದರೆ ನಮ್ಮ ಗಡಿಯಾರದ 48 ನಿಮಿಷ. ಯಜ್ಞದ ವಿವರಗಳನ್ನು ಹೇಳುವ ಶತಪಥ ಬ್ರಾಹ್ಮಣದಲ್ಲಿಯೇ ಈ ಲೆಕ್ಕವಿದೆ. ರಸ್ತೆ ಕಾಮಗಾರಿಗೆ ಇನ್ನೂ ಮುಹೂರ್ತ ಕೂಡಿಬಂದಿಲ್ಲ ಎಂದು ದಿನಪತ್ರಿಕೆಗಳಲ್ಲಿ ಬರೆಯುವವರೂ ಓದುವವರೂ ಪಂಚಾಂಗ ನೋಡುವವರೇ ಆಗಿರಬೇಕಿಲ್ಲ. ‘ನೀವು ಇದನ್ನ ನಂಬ್ತೀರಿ ಅಂತ ನಾನು ಹೇಳ್ತಿಲ್ಲ ಇವ್ರೇ, ಹಾಕೋ ಮೊದ್ಲು ಗೊತ್ತಿರ್ಲಿ ಅಂತ ಅಷ್ಟೆ’ ಎಂದು ಮೇಷ್ಟ್ರು ಹೇಳಿದರು.

ಹೆಸರುಗಳ ಸಾಲಿಗೆ ಬಂದಾಗ ಗೆರೆಗಳು ಒತ್ತೊತ್ತಾದವು. ‘ಶ್ರೀ’ ಎಂಬುದು ಸಂಪತ್ತು, ಕಾಂತಿ. ಲಕ್ಷ್ಮಿಯ ಹೆಸರೂ ಹೌದು. ‘ಚಿ.’ ಎಂದರೆ ಚಿರಂಜೀವಿ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂಬ ಏಳು ಮಂದಿಗೆ ಪುರಾಣ ಕೊಟ್ಟ ಪದವಿಯನ್ನು ನಾವು ಪ್ರತಿ ಮದುಮಗನಿಗೂ ಒಂದೇ ಅಕ್ಷರದಲ್ಲಿ ಕೊಡುತ್ತೇವೆ. ‘ಸೌಭಾಗ್ಯವತಿ’ಯ ಒಳಗಿರುವುದು ‘ಭಗ’. ಋಗ್ವೇದದಲ್ಲಿ ಜನರಿಗೆ ಪಾಲು ಹಂಚಿಕೊಡುವ ಆದಿತ್ಯನ ಹೆಸರು ಅದು. ಭಾಗ್ಯವೆಂದರೆ ಹಾಗೆ ಹಂಚಿಕೆಯಲ್ಲಿ ಬಂದ ಪಾಲು. ಅರಬ್ಬಿಯಿಂದ ಬಂದು ನಮ್ಮ ಮಾತಿನಲ್ಲಿ ಬೆರೆತುಹೋದ ಕಿಸ್ಮತ್ತು, ನಸೀಬುಗಳ ಮೂಲದ ಅರ್ಥವೂ ಪಾಲು, ಹಂಚಿಕೆ ಎಂದೇ. ಎರಡು ದೂರದ ಭಾಷೆಗಳಲ್ಲಿ ಜನ ತಮ್ಮ ಬಾಳನ್ನು ಯಾರೋ ಅಳೆದು ಕೊಟ್ಟ ಪಾಲೆಂದು ಒಂದೇ ರೀತಿಯಲ್ಲಿ ಕಂಡಿದ್ದಾರೆ ಎಂಬುದನ್ನು ಒಂದು ಲಗ್ನಪತ್ರಿಕೆಯ ಕರಡಿನ ಮುಂದೆ ಕುಳಿತು ತಿಳಿಯುವ ಸಂತೋಷ ಸಣ್ಣದಲ್ಲ. ಇನ್ನು ‘ಪತ್ನಿ’. ಪತಿ ಎಂಬ ಪದದಿಂದ ಪತ್ನಿ ಎಂಬ ರೂಪ ಯಜ್ಞದ ಸಂಬಂಧವಿರುವಾಗ ಆಗುತ್ತದೆ ಎಂದು ಪಾಣಿನಿ ಸೂತ್ರವನ್ನೇ ಮಾಡಿದ್ದಾನೆ. ಗಂಡನ ಪಕ್ಕದಲ್ಲಿ ಕುಳಿತು ಯಜ್ಞ ಮಾಡುವ ಅಧಿಕಾರವುಳ್ಳವಳು ಪತ್ನಿ. ನಮ್ಮ ಮನೆಯಲ್ಲಿ ಯಜ್ಞವೇ ಇಲ್ಲದೆ ಎಷ್ಟೋ ವರ್ಷಗಳಾಗಿವೆ, ಪತ್ನಿಯರು ಮಾತ್ರ ಪ್ರತಿ ಪತ್ರಿಕೆಯಲ್ಲಿಯೂ ಇದ್ದಾರೆ.

ಬರಹದ ತಲೆಗೆ ಒಂದು ಮಂಗಳದ ಗುರುತು ಹಾಕುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಿ ಎಷ್ಟು ಹಳೆಯದೆಂದು ಮೇಷ್ಟ್ರು ತಾಳಗುಂದದ ಕಂಬದ ಮಾತು ತೆಗೆದರು. ಶಿಕಾರಿಪುರ ತಾಲ್ಲೂಕಿನ ಆ ಊರಿನಲ್ಲಿ ಕದಂಬ ಶಾಂತಿವರ್ಮನ ಕಾಲದಲ್ಲಿ ನಿಂತ ಕಂಬದ ಶಾಸನ ‘ಸಿದ್ಧಂ, ನಮಃ ಶಿವಾಯ’ ಎಂದು ಆರಂಭವಾಗುತ್ತದೆ. ಕೆಲಸ ಶುರು ಮಾಡುವುದಕ್ಕೆ ‘ಶ್ರೀಕಾರ ಹಾಕುವುದು’ ಎನ್ನುವ ನಾವು ಆ ಸಾಲಿನಲ್ಲಿಯೇ ನಿಂತಿದ್ದೇವೆ.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ‘ಧಾರೆ’. ನಮ್ಮ ಕಡೆಯ ಪತ್ರಿಕೆಗಳಲ್ಲಿ ‘ಧಾರಾಮುಹೂರ್ತ’ ಎಂದೇ ಬರೆಯುತ್ತಾರೆ. ಮಗಳ ಕರಡಿನಲ್ಲಿ ಅದಿರಲಿಲ್ಲ. ಆದರೆ ತನ್ನನ್ನು ಓದಿಸಿದ ಅಜ್ಜಿಯ ನೆನಪಿಗೆ ಅವಳು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಳು: ‘ನಮಗಾಗಿ ತಮ್ಮ ಬದುಕನ್ನೇ ಧಾರೆ ಎರೆದ ಅಜ್ಜಿಗೆ’. ಮೇಷ್ಟ್ರು ಅಲ್ಲಿ ಗೆರೆ ಎಳೆದು ಬಹಳ ಹೊತ್ತು ಮಾತಾಡಿದರು. ದಾನ ಕೊಡುವವನು ಪಡೆಯುವವನ ಕೈಗೆ ನೀರು ಎರೆದರೆ ಮಾತ್ರ ದಾನ ಪೂರ್ತಿಯಾಗುತ್ತದೆ, ಎರೆದ ಮೇಲೆ ಆ ವಸ್ತುವಿನ ಮೇಲೆ ಕೊಟ್ಟವನಿಗೆ ಹಕ್ಕಿಲ್ಲ ಎಂಬುದು ಧರ್ಮಶಾಸ್ತ್ರದ ನಿಯಮ. ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಶಾಸನ ಸಂಪುಟಗಳನ್ನು ತಿರುವಿದರೆ, ಬಳ್ಳಿಗಾವಿಯ ಗುಡಿಗಳಿಗೂ ಮಠಗಳಿಗೂ ಭೂಮಿ ಬಿಟ್ಟ ಶಾಸನಗಳಲ್ಲಿ ‘ಕಾಲಂ ಕರ್ಚಿ ಧಾರಾಪೂರ್ವಕಂ’ ಎಂಬ ಮಾತು ಮತ್ತೆ ಮತ್ತೆ ಸಿಗುತ್ತದೆ: ಆಚಾರ್ಯರ ಕಾಲು ತೊಳೆದು, ನೀರಿನ ಧಾರೆಯೆರೆದು ಕೊಟ್ಟದ್ದು ಎಂದು. ಮದುವೆಯಲ್ಲಿ ಮಗಳ ಕೈಮೇಲೆ ನೀರು ಬಿಡುವುದೂ ಇದೇ ದಾನದ ವಿಧಿ. ಮಂತ್ರಮಾಂಗಲ್ಯದಲ್ಲಿ ಹೆಣ್ಣು ದಾನದ ವಸ್ತುವಲ್ಲವೆಂದು ಕನ್ಯಾದಾನವನ್ನು ಬಿಟ್ಟ ನಾವು, ಒಬ್ಬರ ತ್ಯಾಗವನ್ನು ಹೊಗಳುವಾಗ ಅದೇ ನೀರನ್ನು ಎರೆಯುತ್ತೇವೆ. ಇದನ್ನು ಕೇಳಿ ಮಗಳಿಗೆ ಫೋನು ಮಾಡಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಆ ಸಾಲು ಹಾಗೇ ಇರ್ಲಿ ಅಪ್ಪ, ಅಜ್ಜಿ ವಾಪಸ್ ಕೇಳದ ಹಾಗೇ ಕೊಟ್ಟಿದ್ದು’ ಎಂದಳು. ಆ ಸಾಲು ಪತ್ರಿಕೆಯಲ್ಲಿದೆ.

ದಿನದ ವಿಷಯದಲ್ಲಿ ನಮಗೆ ಯಾವ ತಕರಾರೂ ಇರಲಾರದೆಂದು ಕಾಣುತ್ತಿತ್ತು. ಪಂಚಾಂಗ ನೋಡದೆ, ನೆಂಟರಿಗೆ ರಜೆಯಿರುತ್ತದೆಂದು ಭಾನುವಾರ ಹಿಡಿದಿದ್ದೆವು. ವಾರದ ಏಳೂ ದಿನಗಳ ಹೆಸರು ಗ್ರಹದೇವತೆಗಳದ್ದು ಎಂಬುದು ಎಲ್ಲರಿಗೂ ಗೊತ್ತಿರುವುದೇ; ನಮ್ಮ ದೇಶದ ಶಾಸನಗಳಲ್ಲಿ ವಾರದ ದಿನವನ್ನು ಹೇಳುವ ತುಂಬ ಹಳೆಯದೊಂದು ಕ್ರಿ.ಶ. 484ರ ಏರಣ್ ಶಾಸನ, ಅದು ಗುರುವಾರವನ್ನು ದೇವತೆಗಳ ಗುರುವಿನ ದಿನವೆನ್ನುತ್ತದೆ. ಆದರೆ ಭಾನುವಾರಕ್ಕೆ ರಜೆ ಎಲ್ಲಿಂದ ಬಂತು? ಕ್ರಿ.ಶ. 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಸೂರ್ಯನ ದಿನ ನ್ಯಾಯಾಲಯಗಳೂ ಪೇಟೆಯ ಕಸುಬುಗಳೂ ಬಿಡುವು ತೆಗೆದುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಕ್ರೈಸ್ತರಿಗೆ ಅದು ಏಸು ಮರಳಿ ಎದ್ದ ದಿನ. ಇಂಗ್ಲಿಷರ ಕಚೇರಿಗಳ ಮೂಲಕ ಆ ಬಿಡುವು ನಮ್ಮ ಸರ್ಕಾರಿ ಕಚೇರಿಗಳಿಗೂ ಶಾಲೆಗಳಿಗೂ ಬಂತು. ಹಾಲಿಡೇ ಎಂಬ ಪದವೇ ಪವಿತ್ರ ದಿನವೆಂಬುದರಿಂದ ಆದದ್ದು. ಫೋನಿಡುವಾಗ ನಾವು ಹೇಳುವ ‘ಬೈ’ಯ ಮೂಲದ ಗುಡ್‌ಬೈ ‘ದೇವರು ನಿಮ್ಮೊಂದಿಗಿರಲಿ’ ಎಂಬ ಇಂಗ್ಲಿಷ್ ಹಾರೈಕೆ ಸವೆದು ಉಳಿದ ರೂಪ.

ನಮ್ಮ ಭಾವ ಗೇಣಿದಾರರ ಕಾಗೋಡು ಸತ್ಯಾಗ್ರಹದ ಕಾಲದ ಸಮಾಜವಾದಿ ಮನೆತನದಲ್ಲಿ ಬೆಳೆದವರು, ದೇವರ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡುವವರಲ್ಲ. ಇಷ್ಟು ಹೊತ್ತು ಸುಮ್ಮನಿದ್ದವರು, ‘ಮೇಷ್ಟ್ರೇ, ಈ ಶಾಸ್ತ್ರಕ್ಕೆಲ್ಲ ನಮ್ಮಪ್ಪನ ಕಾಲದಲ್ಲೇ ಎಳ್ಳುನೀರು ಬಿಟ್ಟಾಗಿದೆ’ ಎಂದರು. ‘ಎಳ್ಳುನೀರು ಬಿಡೋದೂ ಶಾಸ್ತ್ರವೇ ಅಲ್ವಾ ಭಾವನೋರೇ’ ಎಂದು ಮೇಷ್ಟ್ರು ಶಾಂತವಾಗಿ ಹೇಳಿದರು. ಸತ್ತವರಿಗೆ ಎಳ್ಳು ಬೆರೆಸಿದ ನೀರನ್ನು ಬೊಗಸೆಯಲ್ಲಿ ಕೊಡುವ ತರ್ಪಣ ಅದು. ತಿಲಾಂಜಲಿ ಎಂದರೂ ಅದೇ. ಆಮೇಲೆ ಅವರಿಬ್ಬರ ನಡುವೆ ನಡೆದ ಮಾತನ್ನು ಕೇಳುವುದೇ ಒಂದು ಲಾಭವಾಗಿತ್ತು. ಕೈಬಿಟ್ಟುಹೋದ ಹಣ ‘ಗೋವಿಂದ’, ಕೆಟ್ಟುಹೋದ ಕೆಲಸ ‘ಶಿವಾಯ ನಮಃ’, ಬೈಸಿಕೊಂಡರೆ ‘ಮಂಗಳಾರತಿ’. ಚಳವಳಿಗೆ ‘ನಾಂದಿ ಹಾಡುತ್ತೇವೆ’ ಎನ್ನುವಾಗ ಸಂಸ್ಕೃತ ನಾಟಕದ ಮೊದಲಲ್ಲಿ ದೇವತೆಗಳನ್ನು ಸ್ತುತಿಸುವ ಪದ್ಯ, ‘ಕಂಕಣಬದ್ಧರಾಗಿದ್ದೇವೆ’ ಎನ್ನುವಾಗ ವ್ರತ ಹಿಡಿದವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ದಾರ. ‘ಪಾಪ, ಹುಡುಗ’ ಎಂದು ಮರುಕಪಡುವಾಗ ಆ ಹುಡುಗನ ಹಿಂದಿನ ಜನ್ಮದ ಲೆಕ್ಕ ನಮ್ಮ ಮನಸ್ಸಿನಲ್ಲಿ ಖಂಡಿತ ಇರುವುದಿಲ್ಲ, ಪದದಲ್ಲಿ ಇದೆ. ರೈತಸಂಘದವರೂ ಎಡಪಕ್ಷದವರೂ ಸಮಾನವಾಗಿ ಬಳಸುವ ‘ಕಾಯಕ’ ಶರಣರದ್ದು. ಅಲ್ಲಮ ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು, ಇಬ್ಬರೂ ನಮ್ಮ ಶಿಕಾರಿಪುರ ಸೀಮೆಯವರೇ. ಕೊನೆಗೆ ‘ನಾಸ್ತಿಕ’. ಆಸ್ತಿಕ, ನಾಸ್ತಿಕ ಎಂಬ ಎರಡೂ ರೂಪಗಳನ್ನು ಪಾಣಿನಿ ಒಂದೇ ಸೂತ್ರದಲ್ಲಿ ಸಾಧಿಸುತ್ತಾನೆ. ‘ಇದೆ’ ಎಂಬ ಮತಿಯುಳ್ಳವನು ಒಬ್ಬ, ‘ಇಲ್ಲ’ ಎಂಬ ಮತಿಯುಳ್ಳವನು ಇನ್ನೊಬ್ಬ, ಇದ್ದದ್ದೋ ಇಲ್ಲದ್ದೋ ಪರಲೋಕ ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಮನುಸ್ಮೃತಿಯಲ್ಲಿ ಅದು ವೇದವನ್ನು ನಿಂದಿಸುವವನಿಗೆ ಇಟ್ಟ ಹೆಸರು. ನಂಬದವರು ತಮ್ಮನ್ನು ಕರೆದುಕೊಳ್ಳಲು ಬಳಸುವ ಪದವೂ ನಂಬುವವರು ಕೊಟ್ಟದ್ದೇ. ನಮ್ಮ ಭಾವ ಇದಕ್ಕೆ ಎದುರಾಡಲಿಲ್ಲ. ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು.

ಇಷ್ಟಾದ ಮೇಲೆ ಗಿರಾಕಿ ಗೊಂದಲಕ್ಕೆ ಬೀಳುವುದು ಸಹಜ. ಈ ಸೇವೆಯ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ಸಂಸ್ಕೃತದ ಪದಗಳನ್ನೆಲ್ಲ ತೆಗೆದು ಅಚ್ಚಗನ್ನಡದವನ್ನು ಹಾಕಿಬಿಡೋಣ ಎಂದು ನಾನು ಕೇಳಿದೆ. ‘ಆಶೀರ್ವದಿಸಬೇಕು’ ಎಂಬುದರ ಬದಲು ‘ಹರಸಬೇಕು’ ಎಂದಿಟ್ಟರೆ ಸಾಕಲ್ಲವೇ ಎಂದೆ. ಹಳಗನ್ನಡದ ‘ಪರಸು’ ಹರಸು ಆದಂತೆ ‘ಪರಕೆ’ ಹರಕೆಯಾಗಿದೆ, ದೇವರಿಗೆ ಹೊರುವುದೂ ಅದನ್ನೇ, ಕನ್ನಡದ ಪದ ಎಂದ ಮಾತ್ರಕ್ಕೆ ಅದು ಗುಡಿಯ ಹೊರಗಿನದಾಗುವುದಿಲ್ಲ ಎಂದು ಅವರು ವಿವರಿಸಿದರು. ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳಿ ಎಂದೂ ಹೇಳಲಿಲ್ಲ. ಇವತ್ತು ಓದುವವರಿಗೆ ಯಾವ ಪದ ಈಗಲೂ ಒಂದು ಆಚರಣೆಯನ್ನು ಹೇಳುತ್ತದೆ, ಯಾವುದು ಬರೀ ಮಾತಾಗಿ ಉಳಿದಿದೆ ಎಂಬುದನ್ನು ನೋಡಿ ಆರಿಸಿ ಎಂದರು. ‘ಮುಹೂರ್ತ’ವನ್ನು ಕಂಡ ನೆಂಟರು ನಾವು ಜೋಯಿಸರ ಹತ್ತಿರ ಹೋಗಿದ್ದೆವೆಂದು ತಿಳಿಯುತ್ತಾರೆ, ಆದ್ದರಿಂದ ಅದು ಹೋಯಿತು, ‘ಬೆಳಿಗ್ಗೆ 11 ಗಂಟೆಗೆ’ ಎಂದಾಯಿತು. ‘ಆರತಕ್ಷತೆ’ ಎಂದರೆ ಆರತಿ ಮತ್ತು ಅಕ್ಷತೆ, ಎರಡನ್ನೂ ನಾವು ಮಾಡುತ್ತಿರಲಿಲ್ಲ, ಆ ಸಾಲು ‘ಸಂಜೆಯ ಊಟ’ವಾಯಿತು. ಚಿ., ಚಿ.ಸೌ.ಗಳು ಹೋದವು. ‘ಲಗ್ನಪತ್ರಿಕೆ’ಯ ಜಾಗಕ್ಕೆ ‘ಮದುವೆಯ ಕರೆಯೋಲೆ’ ಬಂತು. ‘ಹರಸಿ’ ಉಳಿಯಿತು, ‘ಭಾನುವಾರ’ ಉಳಿಯಿತು, ಅಜ್ಜಿಯ ಸಾಲು ಉಳಿಯಿತು, ‘ಮಂತ್ರಮಾಂಗಲ್ಯ’ವೂ ಉಳಿಯಿತು.

ಈ ಕೊನೆಯ ಪದದ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳಬೇಕು. ಪುರೋಹಿತಶಾಹಿಯನ್ನು ಅಷ್ಟು ಕಟುವಾಗಿ ವಿರೋಧಿಸಿದ ಕುವೆಂಪು, ತಾವು ರೂಪಿಸಿದ ಮದುವೆಗೆ ಮಂತ್ರವೆಂಬ ಪದವನ್ನೂ ಮಾಂಗಲ್ಯವೆಂಬ ಪದವನ್ನೂ ಇಟ್ಟರು. ವೇದ, ಉಪನಿಷತ್ತುಗಳಿಂದ ಸಾಲುಗಳನ್ನು ಆಯ್ದು, ಅರ್ಥ ಎಲ್ಲರಿಗೂ ತಿಳಿಯುವಂತೆ ಕನ್ನಡದಲ್ಲಿ ಕೊಟ್ಟರು. ಅರ್ಥ ಗೊತ್ತಿಲ್ಲದೆ ಇನ್ನೊಬ್ಬರ ಬಾಯಿಂದ ಹೇಳಿಸುವುದನ್ನು ಅವರು ಬೇಡವೆಂದರು, ಪದವನ್ನು ಬೇಡವೆನ್ನಲಿಲ್ಲ. ನಂಬದವರು ಧರ್ಮದಿಂದ ಬಂದ ಪದಗಳನ್ನು ಬಳಸಿದರೆ ಅದು ಸೋಲೆಂದು ಕೆಲವು ಆಸ್ತಿಕ ಮಿತ್ರರು ಹೇಳುವುದುಂಟು, ‘ನೋಡಿ, ನಿಮ್ಮ ಬಾಯಲ್ಲೂ ದೇವರೇ’ ಎಂದು. ಅದನ್ನು ನಾನು ಒಪ್ಪುವುದಿಲ್ಲ. ಭಾಷೆ ಗುಡಿಯಲ್ಲಿಯೂ ಗದ್ದೆಯಲ್ಲಿಯೂ ಅಂಗಳದಲ್ಲಿಯೂ ಬೆಳೆದದ್ದು, ಅದರ ಮೇಲೆ ಎಲ್ಲರಿಗೂ ಹಕ್ಕಿದೆ. ಆದರೆ ಬಳಸುವ ಪದ ಏನನ್ನು ಹೊತ್ತು ತಂದಿದೆ ಎಂದು ತಿಳಿದು ಬಳಸುವುದಕ್ಕೂ ತಿಳಿಯದೆ ಬಳಸುವುದಕ್ಕೂ ತುಂಬ ವ್ಯತ್ಯಾಸವಿದೆ, ಮತ್ತು ಆ ತಿಳಿವನ್ನು ಕಾರ್ಡಿನ ಬೆಲೆಯಲ್ಲಿಯೇ ಕೊಡುವ ಅಂಗಡಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇನ್ನು ಅಚ್ಚಿನ ಕೆಲಸ. 300 ಜಿಎಸ್‌ಎಂ ಕಾಗದ ದಪ್ಪವಾಗಿದೆ, ಮಡಿಸಿದಲ್ಲಿ ಬಿರುಕು ಬಿಡುವುದಿಲ್ಲ. ವಾಟ್ಸಾಪಿನಲ್ಲಿ ಯೂನಿಕೋಡಿನಲ್ಲಿ ಕಳಿಸಿದ ಒಕ್ಕಣೆಯನ್ನು ಅಚ್ಚಿನವರು ಬಳಸುವ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸುವಾಗ ಅರ್ಕಾವತ್ತುಗಳೂ ಕೆಲವು ಒತ್ತಕ್ಷರಗಳೂ ಸ್ಥಳ ತಪ್ಪಿದ್ದವು. ಮೇಷ್ಟ್ರು ಎಲ್ಲವನ್ನೂ ಹಿಡಿದರು. ಚಂದನದ ಬಣ್ಣದ ಕಾರ್ಡಿನ ಮೇಲೆ ಅವರು ಮೊದಲು ತೋರಿಸಿದ ತಿಳಿಗೆಂಪು ಅಕ್ಷರ ವಯಸ್ಸಾದವರಿಗೆ ಓದಲಾಗದಷ್ಟು ಮಸುಕಾಗಿತ್ತು. ಹೇಳಿದ ಮೇಲೆ ಕಡುಗಂದು ಮಾಡಿದರು. ಲಕೋಟೆಯ ಅಂಟು ಚೆನ್ನಾಗಿಲ್ಲ, ಮಳೆಗಾಲದ ತೇವಕ್ಕೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಅಂಚೆಯಲ್ಲಿ ಕಳಿಸುವವರು ಬೇರೆ ಅಂಟು ಹಚ್ಚಬೇಕು. ಕುಪ್ಪಳಿಯ ದಾರಿಗೆಂದು ಹಾಕಿಸಿದ ಕ್ಯೂಆರ್ ಕೋಡ್ ತೀರ ಚಿಕ್ಕದಾಗಿ ಅಚ್ಚಾಗಿ ಹಲವು ಫೋನುಗಳಲ್ಲಿ ತೆರೆಯಲಿಲ್ಲ. ದೂರು ಹೇಳಿದಾಗ ದೊಡ್ಡದಾಗಿ ಅಚ್ಚು ಮಾಡಿದ ಅಂಟುಚೀಟಿಗಳನ್ನು ಪುಕ್ಕಟೆಯಾಗಿ ಕೊಟ್ಟರು, ಆದರೆ ಅಂಟಿಸುವ ಕೆಲಸ ನಮ್ಮ ಪಾಲಿಗೇ ಬಂತು. ಹೇಳಿದ ದಿನಕ್ಕೆ ಕಟ್ಟು ಸಿಗಲಿಲ್ಲ, ತಡವಾಗುತ್ತದೆಂದು ಮೊದಲೇ ತಿಳಿಸಲೂ ಇಲ್ಲ. ಇದು ಯಜಮಾನರು ತಿದ್ದಿಕೊಳ್ಳಲೇಬೇಕಾದ ದೋಷ. ಕಟ್ಟು ಕೊಡುವಾಗ ಹುಡುಗನೊಬ್ಬ ಅರಿಶಿನದ ಬಟ್ಟಲು ಹಿಡಿದುಕೊಂಡು, ‘ಮೂಲೆಗೆ ಹಚ್ಚಲಾ ಅಥವಾ ಬೇಡ್ವಾ ಸಾರ್?’ ಎಂದು ಕೇಳಿದ. ಬೇಡವೆಂದೆ. ಬಟ್ಟಲು ಒಳಗಿಟ್ಟು ಬಿಲ್ಲು ಬರೆದ.

ಸಾದಾ ಲಕೋಟೆಯೂ ಸೇರಿ ಕಾರ್ಡೊಂದಕ್ಕೆ ಇಪ್ಪತ್ತೈದು ರೂಪಾಯಿ ಬಿತ್ತು. ನೂರಕ್ಕಿಂತ ಕಡಿಮೆ ಹಾಕಿಕೊಡುವುದಿಲ್ಲ. ಮಂತ್ರಮಾಂಗಲ್ಯದಂಥ ಚಿಕ್ಕ ಮದುವೆ ಮಾಡುವವರಿಗೆ ಇದು ತೊಡಕೇ, ಐವತ್ತಕ್ಕೂ ಒಪ್ಪಿಕೊಂಡರೆ ಒಳ್ಳೆಯದು. ಮುಂಗಡ ಅರ್ಧ ಕೊಡಬೇಕು. ಮೇಷ್ಟ್ರು ಸಂಜೆ ಐದರ ಮೇಲೆ ಬರುತ್ತಾರೆ. ಮಾಘದಿಂದ ವೈಶಾಖದವರೆಗೆ ಅಂಗಡಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಅವರಿಗೆ ಒಂದು ಕರಡಿಗೆ ಹತ್ತು ನಿಮಿಷ ಕೊಡುವುದೂ ಕಷ್ಟ. ಒಕ್ಕಣೆಯ ಬಗ್ಗೆ ನಿಧಾನವಾಗಿ ಕುಳಿತು ಮಾತಾಡಬೇಕೆನ್ನುವವರು, ಮದುವೆ ಯಾವಾಗಲೇ ಇರಲಿ, ಆಷಾಢದಲ್ಲಿ ಹೋಗುವುದು ಒಳ್ಳೆಯದು.